ಮಕ್ಕಳನ್ನು ಹಾಗೆ ಬಿಡೋಕೆ ಭಯ ಆಗ್ತಿರಲಿಲ್ವಾ?

ನಾನು ತಿಪಟೂರು ಕಡೆಯ ಹಳ್ಳಿಯವಳು. ಹುಟ್ಟಿದ್ದು ಅರವತ್ತರ ದಶಕದಲ್ಲಿ. ಈಗ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೇನೆ. ಇಲ್ಲಿನ ಚಿಕ್ಕ ಮಕ್ಕಳ ತಾಯಂದಿರು ನನ್ನನ್ನು ಪದೇ ಪದೇ ಕೇಳುವುದು ಇದನ್ನೇ: "ಆಂಟಿ, ನೀವೆಲ್ಲ ಬೆಳಗ್ಗೆ ತಿಂಡಿ ತಿಂದು ಹೊರಗೆ ಹೋದ್ರೆ ದೀಪ ಹಚ್ಚೋ ಹೊತ್ತಿಗೆ ವಾಪಸ್ ಬರ್ತಿದ್ರಂತೆ. ನಿಮ್ಮಮ್ಮನಿಗೆ ಭಯ ಆಗ್ತಿರಲಿಲ್ವಾ?" ಕೇಳುವವರ ದನಿಯಲ್ಲಿ ಸ್ವಲ್ಪ ಹೊಟ್ಟೆಕಿಚ್ಚು ಇರುತ್ತದೆ, ಜಾಸ್ತಿ ಅಳುಕು ಇರುತ್ತದೆ. ನಮ್ಮ ಕಾಲವೇ ಚೆಂದ, ಈಗಿನ ಅಮ್ಮಂದಿರೇ ಪುಕ್ಕಲರು ಅಂತ ವಾಟ್ಸಾಪ್‌ನಲ್ಲಿ ದಿನಾ ಓದಿ ಓದಿ ಅವರಿಗೂ ಹಾಗೇ ಅನ್ನಿಸಿಬಿಟ್ಟಿದೆ.

ಭಯ ಇತ್ತು ಕಣ್ರೀ. ಆದರೆ ಅದನ್ನು ಹೊರೋಕೆ ಅಮ್ಮ ಒಬ್ಬಳೇ ಇರಲಿಲ್ಲ.

ನಮ್ಮ ಬೀದಿಯ ಪ್ರತಿ ಮನೆಗೂ ಜಗಲಿ ಇತ್ತು. ಜಗಲಿ ಮೇಲೆ ಒಬ್ಬ ಅಜ್ಜಿಯೋ, ಎಲೆ ಅಡಿಕೆ ಮೆಲ್ಲುವ ಅಜ್ಜನೋ ಇದ್ದೇ ಇರುತ್ತಿದ್ದರು. ಅವರ ಮುಖ ಬೀದಿಯ ಕಡೆಗೆ. ಎಲ್ಲಿ ಹೋದರೂ "ಯಾರ ಮಗಳೇ ನೀನು?" ಅಂತ ಒಂದು ಪ್ರಶ್ನೆ ಎದುರಾಗುತ್ತಿತ್ತು. ಅಪ್ಪನ ಹೆಸರು ಹೇಳಿದರೆ ಮುಗಿಯಿತು, ನಾವು ಹುಣಸೆಮರ ಹತ್ತಿದ ಸುದ್ದಿ ನಮಗಿಂತ ಮೊದಲು ಮನೆ ಸೇರುತ್ತಿತ್ತು. ಬೈಯುವ ಹಕ್ಕು ಎಲ್ಲರಿಗೂ ಇತ್ತು, ಒಂದೇಟು ಹಾಕುವ ಹಕ್ಕೂ. ಈಗ ಪಕ್ಕದ ಫ್ಲ್ಯಾಟಿನ ಹುಡುಗನಿಗೆ ಸುಮ್ನೆ ಗದರಿ ನೋಡಿ, ರಾತ್ರಿಯೊಳಗೆ ಗ್ರೂಪಿನಲ್ಲಿ ರಾಮಾಯಣ ಆಗಿರುತ್ತದೆ. ನಾವು ಸ್ವಾತಂತ್ರ್ಯ ಅಂತ ನೆನೆಸಿಕೊಳ್ಳುವುದರಲ್ಲಿ ಅರ್ಧ ಇಂಥ ಕಾವಲೇ. ಕಾಯುವವರು ನಮ್ಮ ಹಿಂದೆ ಹಿಂದೆ ಓಡುತ್ತಿರಲಿಲ್ಲ, ಕೂತಲ್ಲೇ ಕಾಯುತ್ತಿದ್ದರು. ಹಾಗಾಗಿ ನಮಗೆ ಗೊತ್ತಾಗುತ್ತಿರಲಿಲ್ಲ, ಅಷ್ಟೇ.

ಇನ್ನೊಂದು, ಮನೆ ತುಂಬ ಮಕ್ಕಳು. 1971ರ ಸುಮಾರಿಗೆ ನಮ್ಮ ದೇಶದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 5 ಮಕ್ಕಳು. ಕರ್ನಾಟಕದಲ್ಲಿ ಈಗ 2ಕ್ಕೂ ಕಡಿಮೆ. ಅಷ್ಟು ಮಂದಿಯನ್ನು ಒಬ್ಬಳು ಹಿಂಬಾಲಿಸೋಕೆ ಆಗುತ್ತಾ? ದೊಡ್ಡದು ಚಿಕ್ಕದನ್ನು ಸೊಂಟದ ಮೇಲೆ ಕೂರಿಸಿಕೊಂಡು ಕುಂಟೆಬಿಲ್ಲೆಗೆ ಬರುತ್ತಿತ್ತು. ಅಮ್ಮನ ಭಯವೆಲ್ಲ ಬೇರೆ ಕಡೆ ಖರ್ಚಾಗುತ್ತಿತ್ತು. ಆಗ ಹುಟ್ಟಿದ ಸಾವಿರ ಕೂಸುಗಳಲ್ಲಿ 129 ಒಂದು ವರ್ಷ ತುಂಬುವ ಮೊದಲೇ ಹೋಗುತ್ತಿದ್ದವು. 2020ಕ್ಕೆ ಅದು 28ಕ್ಕೆ ಇಳಿದಿದೆ. ವಾಂತಿಭೇದಿ, ದಡಾರದ ಹೆಸರು ಕೇಳಿದರೆ ನಡುಗುತ್ತಿದ್ದವಳಿಗೆ ಬೀದಿ ದೊಡ್ಡ ಭಯ ಅನ್ನಿಸಲಿಲ್ಲ.

ಬೀದಿಯಾದರೂ ಎಂಥದ್ದು? ಎತ್ತಿನಗಾಡಿ, ಸೈಕಲ್ಲು, ಯಾವಾಗಲೋ ಕೊಬ್ಬರಿ ಹೇರಿಕೊಂಡು ಹೋಗುವ ಲಾರಿ. ಲಗೋರಿ ಕಲ್ಲುಗಳನ್ನು ರಸ್ತೆ ಮಧ್ಯೆಯೇ ಜೋಡಿಸಬಹುದಿತ್ತು. ಇದು ನಮ್ಮ ಕಥೆ ಮಾತ್ರ ಅಲ್ಲ. ಇಂಗ್ಲೆಂಡಿನಲ್ಲಿ ಮೇಯರ್ ಹಿಲ್‌ಮನ್ ಅನ್ನೋ ಸಂಶೋಧಕರು ಮತ್ತು ಅವರ ಜೊತೆಗಾರರು ಲೆಕ್ಕ ಹಾಕಿದ್ದಾರೆ. 1971ರಲ್ಲಿ ಅಲ್ಲಿನ ಏಳೆಂಟು ವರ್ಷದ ಮಕ್ಕಳಲ್ಲಿ ನೂರಕ್ಕೆ 80 ಮಂದಿ ದೊಡ್ಡವರ ಜೊತೆ ಇಲ್ಲದೆ ಸ್ಕೂಲಿಗೆ ಹೋಗುತ್ತಿದ್ದರು. 1990ಕ್ಕೆ ಬರೀ 9. ತಂದೆ ತಾಯಂದಿರು ಮುಖ್ಯವಾಗಿ ಹೆದರಿದ್ದು ವಾಹನಗಳಿಗೆ. ಬೆಂಗಳೂರಿನಲ್ಲಿ ಈಗ ಒಂದು ಕೋಟಿಗೂ ಜಾಸ್ತಿ ವಾಹನಗಳಿವೆ. ನಾನು ಈ ಊರಿನಲ್ಲಿ ಇವತ್ತು ತಾಯಿಯಾಗಿದ್ದರೆ ನಾನೂ ಕೈ ಹಿಡಿದೇ ಕರೆದುಕೊಂಡು ಹೋಗುತ್ತಿದ್ದೆ.

ಆದರೆ ಈ ಹೊಗಳಿಕೆಗಳಲ್ಲಿ ಯಾರೂ ಹೇಳದ ಒಂದು ಮಾತಿದೆ. ನನಗೆ ಆ ಸ್ವಾತಂತ್ರ್ಯ ಒಂದು ದಿನ ಪಟ್ಟನೆ ನಿಂತುಹೋಯಿತು. ನಾನು ಮರಕೋತಿ ಆಟದಲ್ಲಿ ಅಣ್ಣನಿಗೆ ಸೋಲುತ್ತಿರಲಿಲ್ಲ. ಅವನೇ ಸೊಂಟಕ್ಕೆ ಬೆಂಡು ಕಟ್ಟಿ ತೋಟದ ಬಾವಿಗೆ ತಳ್ಳಿ ಈಜು ಕಲಿಸಿದ್ದ. ಬಾಡಿಗೆ ಸೈಕಲ್ ತಂದರೆ ಇಬ್ಬರೂ ಸರದಿಯಲ್ಲಿ ಒಳಪೆಡಲ್ ಹೊಡೆಯುತ್ತಿದ್ದೆವು. ಆಮೇಲೆ ನಾನು ದೊಡ್ಡವಳಾದೆ. ಹಸೆ ಮೇಲೆ ಕೂರಿಸಿ ಆರತಿ ಮಾಡಿದರು, ಚಿಗಳಿ ಕೊಟ್ಟರು, ಕೊಬ್ಬರಿ ಬೆಲ್ಲ ಕೊಟ್ಟರು. ಎಲ್ಲರೂ ಖುಷಿಯಾಗಿದ್ದರು. ಬಾವಿ ಬಂದ್, ಮರ ಬಂದ್, ಸೈಕಲ್ ಬಂದ್. ಜಗಲಿ ಮೇಲೆ ಕೂತವರು ಅವರೇ, ಆದರೆ ಈಗ ಅವರ ಕಣ್ಣು ನಾನು ಬಿದ್ದೇನು ಅಂತ ನೋಡುತ್ತಿರಲಿಲ್ಲ, ಯಾರ ಜೊತೆ ಮಾತಾಡಿದೆ ಅಂತ ನೋಡುತ್ತಿತ್ತು. ಅಣ್ಣನ ಬಾಲ್ಯ ಇನ್ನೂ ಐದಾರು ವರ್ಷ ಓಡಿತು. ನಮ್ಮ ಕಾಲ ಎಷ್ಟು ಚೆನ್ನಾಗಿತ್ತು ಅಂತ ಬರೆಯುವವರಲ್ಲಿ ಗಂಡಸರೇ ಜಾಸ್ತಿ ಯಾಕೆ ಅಂತ ನನಗೆ ಆಶ್ಚರ್ಯವೇ ಆಗುವುದಿಲ್ಲ.

ಗಂಡುಮಕ್ಕಳಲ್ಲೂ ಎಲ್ಲರಿಗೂ ಸಿಕ್ಕಿತ್ತು ಅನ್ನೋ ಹಾಗಿಲ್ಲ. ದಿನವಿಡೀ ಬಯಲಲ್ಲಿ ಇರುತ್ತಿದ್ದ ಒಬ್ಬ ಹುಡುಗನನ್ನು ಕಂಡು ನಮಗೆ ಹೊಟ್ಟೆ ಉರಿಯುತ್ತಿತ್ತು. ಅವನು ಇನ್ನೊಬ್ಬರ ದನ ಕಾಯುತ್ತಿದ್ದ, ಅಪ್ಪನ ಸಾಲಕ್ಕೆ. ಜೀತ 1976ರಲ್ಲೇ ಕಾನೂನಿನಲ್ಲಿ ರದ್ದಾಗಿತ್ತು. ಅವನಿಗೆ ಅದು ಗೊತ್ತಿರಲಿಲ್ಲ. ನಾವು ಈಜುತ್ತಿದ್ದ ಬಾವಿಗೆ ಅವನು ಇಳಿಯುವಂತೆಯೂ ಇರಲಿಲ್ಲ. ಇನ್ನು ಮಳೆಗಾಲ ಕಳೆದು ತುಂಬಿದ ಕೆರೆಗೆ ಈಜಲು ಹೋಗಿ ಬಾರದೇ ಉಳಿದ ಮಕ್ಕಳು ಸುತ್ತಲ ಊರುಗಳಲ್ಲಿ ಇದ್ದರು. "ನಾವೆಲ್ಲ ಹಾಗೇ ಬೆಳೆದೆವು, ಏನಾಯ್ತು ಈಗ?" ಅನ್ನೋಕೆ ಅವರು ಗ್ರೂಪಿನಲ್ಲಿ ಇಲ್ಲ.

ಹಾಗಂತ ಮಕ್ಕಳನ್ನು ಫೋನು ಕೊಟ್ಟು ಒಳಗೇ ಕೂರಿಸಿ ಅಂತಲ್ಲ. ಆ ಕಾಲ ವಾಪಸ್ ಬೇಡ, ಆ ಬೀದಿ ಬೇಕು. ಬೆಂಗಳೂರಿನಲ್ಲಿ 2013ರಲ್ಲಿ ಸೈಕಲ್ ಡೇ ಅಂತ ಶುರುವಾಯಿತು. ಭಾನುವಾರ ಬೆಳಗ್ಗೆ ಯಾವುದಾದರೂ ಬಡಾವಣೆಯ ರಸ್ತೆಗೆ ಕೆಲವು ಗಂಟೆ ವಾಹನ ಬಿಡುತ್ತಿರಲಿಲ್ಲ. ರಸ್ತೆ ಖಾಲಿಯಾದರೆ ಮಕ್ಕಳಿಗೆ ಯಾರೂ ಆಟ ಹೇಳಿಕೊಡಬೇಕಾಗಿಲ್ಲ. ಅದನ್ನು ನೋಡಿ ನಮ್ಮ ಅಪಾರ್ಟ್‌ಮೆಂಟಿನ ಒಳರಸ್ತೆಗೂ ಸಂಜೆ ಎರಡು ಗಂಟೆ ಕಾರು ಬಿಡಬಾರದು ಅಂತ ಕೇಳಿದೆವು. ಬಹಳ ಜಗಳ ಆಯಿತು. ಕೊನೆಗೆ ಭಾನುವಾರ ಮಾತ್ರ ಅಂತ ಒಪ್ಪಿದರು. ನಾವು ಒಂದಷ್ಟು ಮುದುಕಿಯರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅಲ್ಲೇ ಕೂರುತ್ತೇವೆ. ಯಾರ ಮಗುವಾದರೂ ಸರಿ, ಬೇಕಾದರೆ ಗದರುತ್ತೇವೆ, ಇದಕ್ಕೆ ಅಮ್ಮಂದಿರ ಒಪ್ಪಿಗೆ ಮೊದಲೇ ತಗೊಂಡಿದ್ದೇವೆ. ಆಡೋಕೆ ಬರುವ ಮಕ್ಕಳು ತುಂಬಾ ಜನ. ಆದರೆ ಹನ್ನೆರಡು ದಾಟಿದ ಹುಡುಗಿಯರು ಒಬ್ಬರೂ ಇಳಿದು ಬರುತ್ತಿಲ್ಲ. ನನ್ನನ್ನು ಪ್ರಶ್ನೆ ಕೇಳುವ ಅಮ್ಮಂದಿರನ್ನು ಮುಂದಿನ ಮೀಟಿಂಗಿನಲ್ಲಿ ನಾನೇ ಕೇಳಬೇಕು ಅಂದುಕೊಂಡಿದ್ದೇನೆ: ಇವರು ಎಲ್ಲಿ?