ಸೀತೋ ಮಠದ ಮರ ಕಡಿಯುವ ಸನ್ಯಾಸಿ

ಫ್ರಾನ್ಸಿನ ದಿಜೋಂಗೆ ಹೋದವರು ಸಾಸಿವೆ ಮತ್ತು ವೈನ್ ಬಗ್ಗೆ ಹೇಳಿ ಮುಗಿಸುತ್ತಾರೆ. ನನಗಂತೂ ಸಾಸಿವೆ ಅಂಗಡಿಗಳು ಬೇಗ ಬೇಜಾರಾದವು. ನಾನು ಹೋಗಿದ್ದು ಅಲ್ಲಿನ ನಗರ ಗ್ರಂಥಾಲಯದಲ್ಲಿರುವ ಒಂದು ಲ್ಯಾಟಿನ್ ಹಸ್ತಪ್ರತಿಗಾಗಿ. ಪ್ಯಾರಿಸ್‌ನಿಂದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ.

ಅದು 'ಮೊರಾಲಿಯಾ'. ಕಷ್ಟಗಳನ್ನೆಲ್ಲ ಸಹಿಸಿದ ಬೈಬಲ್ಲಿನ ಯೋಬನ ಕಥೆ ಇಟ್ಟುಕೊಂಡು, ಗ್ರೆಗರಿ ಎಂಬ ಗುರುಗಳು ಕಾನ್‌ಸ್ಟಾಂಟಿನೋಪಲ್‌ನಲ್ಲಿ ಜೊತೆಯ ಸನ್ಯಾಸಿಗಳಿಗೆ ಪ್ರವಚನ ಮಾಡಿದರು. ಅದೇ ಬೆಳೆದು 35 ಭಾಗಗಳ ನೀತಿಗ್ರಂಥವಾಯಿತು. ಗ್ರೆಗರಿ 590ರಲ್ಲಿ ಪೋಪ್ ಆದರು. ದಿಜೋಂನಲ್ಲಿರುವ ಪ್ರತಿ ಪಕ್ಕದ ಸೀತೋ ಮಠದ್ದು. 1111ರ ಕ್ರಿಸ್‌ಮಸ್ ಹಿಂದಿನ ದಿನದ ತಾರೀಖು ಅದರಲ್ಲೇ ಇದೆ.

ಮೂಲ ಪ್ರತಿಯನ್ನು ಸುಮ್ನೆ ಹೊರಗೆ ತೆಗೆಯುವುದಿಲ್ಲ. ಬೆಳಕು ಬಿದ್ದರೆ ಬಣ್ಣ ಹೋಗುತ್ತದೆ. ಅಲ್ಲಿನ ಸಿಬ್ಬಂದಿ ಒಬ್ಬರು ದೊಡ್ಡ ಪರದೆಯ ಮೇಲೆ ಪುಟಗಳನ್ನು ತೋರಿಸಿದರು. ಮೊದಲ ದೊಡ್ಡ ಅಕ್ಷರ 'ಆರ್'. ಅದರಲ್ಲಿ ಯೋಧನೊಬ್ಬ ಡ್ರ್ಯಾಗನ್ ಜೊತೆ ಹೋರಾಡುತ್ತಿದ್ದಾನೆ. ಎಲ್ಲರೂ ಮೆಚ್ಚುವುದು ಅದನ್ನೇ. ನನ್ನನ್ನು ನಿಲ್ಲಿಸಿದ್ದು ಮಾತ್ರ 'ಐ' ಅಕ್ಷರ.

ಆ ಅಕ್ಷರವೇ ಒಂದು ಎತ್ತರದ ಮರ. ಬುಡದಲ್ಲಿ ಸನ್ಯಾಸಿಯೊಬ್ಬ ಕೊಡಲಿ ಬೀಸುತ್ತಿದ್ದಾನೆ. ಮೇಲೆ ಇನ್ನೊಬ್ಬ ಹತ್ತಿಕೊಂಡು ಕೊಂಬೆ ಸವರುತ್ತಿದ್ದಾನೆ. ಬುಡ ಕಡಿಯುವಾಗ ಮೇಲೆ ಆಳು! ಬೇರೆ ಪುಟದಲ್ಲಿ ಒಬ್ಬ ಬಗ್ಗಿ ಪೈರು ಕೊಯ್ಯುತ್ತಾನೆ, ಇನ್ನೊಂದರಲ್ಲಿ ಇಬ್ಬರು ದಿಮ್ಮಿ ಸೀಳುತ್ತಾರೆ.

"ನೀತಿಗ್ರಂಥದಲ್ಲಿ ಸೌದೆ ಕೆಲಸ ಯಾಕೆ?" ಎಂದೆ.

"ಅವರ ದಿನವೇ ಅದಲ್ವಾ?" ಎಂದರು ಅವರು. 1098ರಲ್ಲಿ ಮಠ ಕಟ್ಟಿದವರಿಗೆ ತಮ್ಮ ಕೈಯಾರೆ ದುಡಿದು ಬದುಕಬೇಕೆಂಬ ಹಟವಿತ್ತು. ತಾಳ್ಮೆಯ ಪಾಠ ಬರೆಯುತ್ತಾ, ತಾಳ್ಮೆ ಬೇಡುವ ಕೆಲಸವನ್ನೇ ಬಿಡಿಸಿದ್ದಾರೆ.

"ಆಮೇಲಿನ ಪುಸ್ತಕಗಳಲ್ಲಿ ಇಂಥವು ಜಾಸ್ತಿ ಇವೆಯಾ?"

"ಇಲ್ಲ. ಕೆಲವೇ ದಶಕಗಳಲ್ಲಿ ಅವರೇ ನಿಯಮ ಮಾಡಿಕೊಂಡರು. ಅಕ್ಷರ ಒಂದೇ ಬಣ್ಣದಲ್ಲಿರಬೇಕು, ಚಿತ್ರ ಬೇಡ ಅಂತ."

ನನಗೆ ನಿಜಕ್ಕೂ ಹೊಟ್ಟೆ ಉರಿಯಿತು. ಇಷ್ಟು ಜೀವಂತವಾಗಿ ಬರೆಯಬಲ್ಲ ಕೈಗಳನ್ನು ಯಾರಾದರೂ ತಡೆಯುತ್ತಾರಾ? ಅವರು ನಕ್ಕು, ಸರಳವಾಗಿ ಬದುಕುತ್ತೇವೆ ಎಂದವರಿಗೆ ಬಂಗಾರದ ಬಣ್ಣ ಮುಜುಗರವಾಗಿರಬೇಕು ಎಂದರು. ನಾನು ಒಪ್ಪಲಿಲ್ಲ. ಆ ಮರ ಕಡಿಯುವವನಲ್ಲಿ ಆಡಂಬರ ಎಲ್ಲಿದೆ? ಮಾತು ಗ್ರಂಥಾಲಯ ಮುಚ್ಚುವ ಹೊತ್ತಿನವರೆಗೂ ನಡೆಯಿತು.

ಮರುದಿನ ಸೀತೋಗೆ ಹೋದೆ. ಮಠದಲ್ಲಿ ಈಗಲೂ ಸನ್ಯಾಸಿಗಳಿದ್ದಾರೆ, ಚೀಸ್ ಮಾಡಿ ಮಾರುತ್ತಾರೆ. ಅದು ಮೆತ್ತಗೆ, ಬಲು ರುಚಿ. ಹಳೆಯ ಗ್ರಂಥಾಲಯದ ಕಟ್ಟಡವೂ ನಿಂತಿದೆ. ಪುಸ್ತಕಗಳು ಮಾತ್ರ ಫ್ರೆಂಚ್ ಕ್ರಾಂತಿಯ ಕಾಲದಲ್ಲೇ ಕೈತಪ್ಪಿ ದಿಜೋಂ ಸೇರಿದವು.

ವಾಪಸ್ಸಿನ ಬಸ್ ಬರಲೇ ಇಲ್ಲ. ಫಲಕದಲ್ಲಿ ಸಮಯವಿತ್ತು, ಬಸ್ಸಿರಲಿಲ್ಲ. ಕೇಳಲು ಒಂದು ನರಪಿಳ್ಳೆಯೂ ಇಲ್ಲ. ಕೊನೆಗೆ ಟ್ಯಾಕ್ಸಿಗೆ ತೆತ್ತ ದುಡ್ಡಿನಲ್ಲಿ ಇನ್ನೊಂದು ದಿನ ಉಳಿಯಬಹುದಿತ್ತು! ಹೋಗುವವರು ವಾಪಸ್ ಬರಲು ಗಾಡಿ ಗೊತ್ತುಮಾಡಿಕೊಂಡೇ ಹೊರಡಿ. ಹೊರಡುವ ಮುಂಚೆ ಗ್ರಂಥಾಲಯದ ಜಾಲತಾಣದಲ್ಲಿ 173ನೇ ಹಸ್ತಪ್ರತಿಯ 41ನೇ ಹಾಳೆ ನೋಡಿ. ಆ ಮರ ಅಲ್ಲೇ ಇದೆ.