ಹಿಡಿದ ಕಣ ಈಗ ಎಲ್ಲಿದೆ?

ಕಳೆದ ಭಾನುವಾರ ಮುಂಬೈಯ ಮಾಟುಂಗದಲ್ಲಿ ನಡೆದ ಕನ್ನಡ ಉಪನ್ಯಾಸವೊಂದರ ಕೊನೆಯಲ್ಲಿ ಕೇಳಿಬಂದ ಪ್ರಶ್ನೆ ಈ ವಾರವಿಡೀ ನನ್ನ ಬೆನ್ನು ಬಿಟ್ಟಿಲ್ಲ. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಮೂಲಕಣಗಳಿಗೆ ದ್ರವ್ಯರಾಶಿ ಹೇಗೆ ಬಂತೆಂಬುದಕ್ಕೆ ಸಂಬಂಧಿಸಿದ ಹಿಗ್ಸ್ ಕಣದ ಶೋಧವನ್ನು ವಿವರಿಸಿ ಮುಗಿಸಿದ್ದರು. ಮುಂದಿನ ಸಾಲಿನಲ್ಲಿದ್ದ, ಉಡುಪಿ ಕಡೆಯ ವಯಸ್ಸಾದ ಹೆಂಗಸೊಬ್ಬರು ಎದ್ದು ನಿಂತು, "ಅಲ್ಲ ಮಾರಾಯ್ರೆ, ಅಷ್ಟು ಕಷ್ಟಪಟ್ಟು ಹಿಡಿದ ಆ ಕಣ ಈಗ ಎಲ್ಲಿದೆ?" ಎಂದು ಕೇಳಿದರು. ಸಭೆ ನಕ್ಕಿತು. ಉಪನ್ಯಾಸಕರು ನಗಲಿಲ್ಲ.

"ಎಲ್ಲಿಯೂ ಇಲ್ಲ ಅಮ್ಮ. ಅದನ್ನು ಯಾರೂ ಕಂಡೂ ಇಲ್ಲ. ಅದು ಒಡೆದಾಗ ಹೊರಟದ್ದನ್ನಷ್ಟೇ ಕಂಡಿದ್ದೇವೆ."

"ಹಾಗಾದರೆ ಸಿಕ್ಕಿತು ಅಂತ ಹೇಗೆ ಹೇಳ್ತೀರಿ?"

ಅಷ್ಟರಲ್ಲಿ ನಿರೂಪಕರು ಸಮಯವಾಯಿತೆಂದು ವಂದನಾರ್ಪಣೆಗೆ ಕರೆದುಬಿಟ್ಟರು. ನಕ್ಕವರ ಬಗ್ಗೆ ನನಗೆ ಬೇಸರವಿದೆ, ನಿರೂಪಕರ ಅವಸರದ ಬಗ್ಗೆ ಅದಕ್ಕಿಂತ ಹೆಚ್ಚು. ಅಂದು ಅಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ ಆಗಿತ್ತು.

ಜಿನೀವಾದ ಬಳಿ, ನೆಲದಡಿಯ 27 ಕಿಲೋಮೀಟರ್ ಸುತ್ತಳತೆಯ ಸುರಂಗದಲ್ಲಿ ಪ್ರೋಟಾನುಗಳನ್ನು ಬೆಳಕಿನ ವೇಗದ ಸಮೀಪಕ್ಕೆ ಓಡಿಸಿ ಎದುರುಬದುರು ಡಿಕ್ಕಿ ಹೊಡೆಸುತ್ತಾರೆ. ನೂರಾರು ಕೋಟಿ ಡಿಕ್ಕಿಗಳಿಗೆ ಒಂದರಂತೆ ಹಿಗ್ಸ್ ಹುಟ್ಟಿ, ಹುಟ್ಟಿದ ಕ್ಷಣವೇ ಒಡೆಯುತ್ತದೆ. ಹಾಗೆ ಒಡೆಯುವ ಸಾವಿರದಲ್ಲಿ ಎರಡರಷ್ಟು ಮಾತ್ರ ಎರಡು ಫೋಟಾನುಗಳಾಗುತ್ತವೆ, ಅಂದರೆ ಎರಡು ಬೆಳಕಿನ ಕಣಗಳಾಗುತ್ತವೆ. ಆದರೆ ಫೋಟಾನುಗಳ ಜೋಡಿ ಬೇರೆ ಹತ್ತು ಕಾರಣಗಳಿಂದಲೂ ಹುಟ್ಟುವುದರಿಂದ, ಒಂದು ಜೋಡಿಯತ್ತ ಬೆರಳು ಮಾಡಿ ಇದು ಹಿಗ್ಸ್‌ನದೇ ಎಂದು ಯಾರೂ ಆಣೆಯಿಟ್ಟು ಹೇಳಲಾರರು. ಪ್ರತಿ ಜೋಡಿಯ ಶಕ್ತಿ ಮತ್ತು ದಿಕ್ಕುಗಳಿಂದ ದ್ರವ್ಯರಾಶಿಯನ್ನು ಲೆಕ್ಕ ಹಾಕಿ, ಎಲ್ಲವನ್ನೂ ಒಂದೇ ನಕ್ಷೆಯಲ್ಲಿ ಕೂಡಿಸುತ್ತ ಹೋದಾಗ, 125 ಜಿಇವಿ (ಕಣಗಳ ದ್ರವ್ಯರಾಶಿಯನ್ನು ಹೇಳುವ ಮಾನ) ಆಸುಪಾಸಿನಲ್ಲಿ ಎಣಿಕೆ ಇರಬೇಕಾದದ್ದಕ್ಕಿಂತ ತುಸು ಹೆಚ್ಚಿ, ಅಲ್ಲೊಂದು ಉಬ್ಬು ಮೂಡಿತ್ತು. ಹಿಗ್ಸ್ ಬೇರೆ ರೀತಿಯಲ್ಲಿ ಒಡೆದುದರ ಎಣಿಕೆಯನ್ನೂ ಇದರೊಡನೆ ಕೂಡಿಸಿದಾಗ, ಕಣವೇ ಇಲ್ಲದೆ ಬರಿಯ ಆಕಸ್ಮಿಕದಿಂದ ಅಂಥ ಹೆಚ್ಚಳ ಬರುವ ಸಂಭವ ಸುಮಾರು 35 ಲಕ್ಷದಲ್ಲಿ ಒಂದು ಎನ್ನುವ ಮಟ್ಟಕ್ಕೆ ಬಂದ ಮೇಲೆಯೇ, 2012ರ ಜುಲೈ 4ರಂದು, ಅಟ್ಲಾಸ್ ಮತ್ತು ಸಿಎಂಎಸ್ ಎಂಬ ಎರಡು ತಂಡಗಳು ಪ್ರತ್ಯೇಕವಾಗಿ ತಮ್ಮ ಫಲಿತಾಂಶವನ್ನು ಮುಂದಿಟ್ಟವು. 1964ರಲ್ಲಿ ಕಾಗದದ ಮೇಲೆ ಊಹಿಸಿದ್ದ ಕಣಕ್ಕೆ ಹೀಗೆ ಸಾಕ್ಷಿ ದೊರೆಯಿತು.

ಉಪನ್ಯಾಸಕರು ತಂದಿದ್ದ ಪ್ಲಾಸ್ಟಿಕ್ ಹಲಗೆಯೊಂದು ನನ್ನ ಕೈಗೂ ಬಂದಿತ್ತು. ಬೆರಳ ದಪ್ಪದ ಆ ತುಂಡಿನ ಅಂಚು ದೀಪದ ಕೆಳಗೆ ನೀಲಿಯಾಗಿ ಹೊಳೆಯುತ್ತಿತ್ತು. ಅದರಲ್ಲಿ ಕೊರೆದ ಸಣ್ಣ ಕಾಲುವೆಯೊಳಗೆ ಹಸಿರು ಎಳೆಯೊಂದು ಕುಳಿತಿತ್ತು. ವಿದ್ಯುದಂಶವಿರುವ ಕಣವೊಂದು ಹಾದುಹೋದಾಗ ಹಲಗೆಯಲ್ಲಿ ಬೆಳಕು ಮಿನುಗುತ್ತದೆ, ಎಳೆ ಆ ಬೆಳಕನ್ನು ಅಳೆಯುವ ಉಪಕರಣಕ್ಕೆ ಒಯ್ಯುತ್ತದೆ. ಸಿಎಂಎಸ್ ತಂಡದ ಶೋಧಕ ಯಂತ್ರದ ಭಾರಿ ಅಯಸ್ಕಾಂತವನ್ನೂ ದಾಟಿ ಸೋರಿಹೋಗುವ ಶಕ್ತಿ ಲೆಕ್ಕದಿಂದ ತಪ್ಪಬಾರದೆಂದು ಹೊರಗೆ ಜೋಡಿಸಿದ ಇಂಥ ಹಲಗೆಗಳ ಪದರವನ್ನು ಕಟ್ಟಿದ್ದು ಮುಂಬೈಯ ಟಾಟಾ ಸಂಸ್ಥೆ ಮತ್ತು ಪಂಜಾಬ್ ವಿಶ್ವವಿದ್ಯಾಲಯದವರು. ಫೋಟಾನುಗಳನ್ನು ಅಳೆಯುವ ಭಾಗ ಬೇರೆ. ಆದರೂ ಎಣಿಕೆಯ ಹಿಂದಿನ ಶ್ರದ್ಧೆ ಎಂಥದ್ದೆಂದು ಆ ಹಲಗೆಯಿಂದ ನನಗೆ ಅರಿವಾಯಿತು.

ಆಕೆಯ ಎರಡನೆಯ ಪ್ರಶ್ನೆಗೆ ನಾನು ಕೊಡಬಯಸುವ ಉತ್ತರ 2015ರ ಕಥೆಯಲ್ಲಿದೆ. ಆ ಡಿಸೆಂಬರಿನಲ್ಲಿ ಇದೇ ಫೋಟಾನು ಜೋಡಿಗಳ ನಕ್ಷೆಯಲ್ಲಿ 750 ಜಿಇವಿ ಬಳಿ ಹೊಸ ಉಬ್ಬೊಂದು ಕಾಣಿಸಿತು. ಜಗತ್ತಿನಾದ್ಯಂತ ನೂರಾರು ಪ್ರಬಂಧಗಳು ಹುಟ್ಟಿಕೊಂಡವು. ಪ್ರಯೋಗ ನಡೆಸುವವರು ಮಾತ್ರ ಸಿಕ್ಕಿತೆನ್ನದೆ ಮತ್ತಷ್ಟು ಡಿಕ್ಕಿಗಳನ್ನು ಎಣಿಸಿದರು, 2016ರ ಆಗಸ್ಟ್ ಹೊತ್ತಿಗೆ ಉಬ್ಬು ಕರಗಿತು, ಹಾಗೆಂದು ಅವರೇ ಹೇಳಿದರು. 125ರ ಉಬ್ಬು ಎಣಿಸಿದಷ್ಟೂ ಗಟ್ಟಿಯಾಯಿತು. ಸಿಕ್ಕಿತೆನ್ನುವ ಅವರ ಮಾತನ್ನು ನಾನು ನಂಬುವುದು, ಇಲ್ಲವೆನ್ನಬೇಕಾದಾಗ ಇಲ್ಲವೆಂದವರು ಅವರೆಂಬ ಕಾರಣಕ್ಕೆ.

ಆಕೆಯ ಹೆಸರು ಗೊತ್ತಿಲ್ಲ. ಮುಂದಿನ ತಿಂಗಳ ಉಪನ್ಯಾಸದಲ್ಲಿ ಪ್ರಶ್ನೋತ್ತರಕ್ಕೆ ಪೂರ್ತಿ ಒಂದು ಗಂಟೆ ಮೀಸಲಿಡಬೇಕೆಂದೂ, ಅದೇ ಹಿರಿಯರನ್ನು ಮತ್ತೆ ಕರೆಸಬೇಕೆಂದೂ ಕಾರ್ಯದರ್ಶಿಗಳಿಗೆ ಪತ್ರ ಬರೆದಿದ್ದೇನೆ.