ಅವ್ವನ ಗಂಟು

17 ನವೆಂಬರ್ 2024, ಭಾನುವಾರ
ನವನಗರ, ಬಾಗಲಕೋಟೆ

ರಾತ್ರಿ ಹನ್ನೊಂದು ದಾಟಿದೆ. ಹೊರಗೆ ಚಳಿ ಶುರುವಾಗಿದೆ, ನನಗೆ ಮಾತ್ರ ಬೆವರು. ಕುತ್ತಿಗೆಯಿಂದ ಬಿಸಿ ಏರುತ್ತದೆ, ಬನಿಯನ್ ಒದ್ದೆಯಾಗುತ್ತದೆ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ನನ್ನ ಸ್ತನದ ಕ್ಯಾನ್ಸರ್‌ಗೆ ಕೊಟ್ಟ ಟ್ಯಾಮಾಕ್ಸಿಫೆನ್ ಗುಳಿಗೆಯ ಕೆಲಸ ಇದು. ದಿನಕ್ಕೆ 20 ಮಿಲಿಗ್ರಾಂ, 5 ವರ್ಷ ತಗೋಬೇಕು. ಮುಟ್ಟು ನಿಲ್ಲುವ ಕಾಲದಲ್ಲಿ ನನ್ನ ಹೆಂಡತಿಗೂ ಹೀಗೇ ಆಗುತ್ತಿತ್ತು. ಆಗ ನಾನು ‘ಫ್ಯಾನ್ ಹಾಕ್ಕೋ’ ಅಂದು ಮಗ್ಗಲು ಬದಲಿಸುತ್ತಿದ್ದೆ. ಈಗ ಅವಳು ನಿದ್ದೆಗಣ್ಣಲ್ಲೇ ಎದ್ದು ಒಣ ಟವೆಲ್ ಕೊಡುತ್ತಾಳೆ.

ಸಂಜೆ ನೀರಿನ ಕ್ಯಾನ್ ಎತ್ತಲು ಹೋದೆ. ದೊಡ್ಡ ಮಗಳು ಕೈಯಿಂದ ಕಿತ್ತುಕೊಂಡಳು. ಆಪರೇಷನ್‌ನಲ್ಲಿ ಬಲ ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದಾರೆ. ಆ ಕೈಗೆ ಬಾವು ಬರಬಹುದು, ಬಿಪಿ ಕೂಡ ಎಡಗೈಯಲ್ಲೇ ನೋಡಿಸಬೇಕು. ನನಗಿಂತ ಅವಳಿಗೇ ಇದೆಲ್ಲ ಜಾಸ್ತಿ ನೆನಪು.

ಕ್ಯಾನ್ ಇಳಿಸಿ ಅಡುಗೆಮನೆ ಬಾಗಿಲಲ್ಲೇ ನಿಂತಳು.

‘ಅಪ್ಪಾ, ಆ ಟೆಸ್ಟ್ ನಾನೂ ಮಾಡಸ್ತೀನಿ.’

‘ಯಾವ ಟೆಸ್ಟ್?’ ಅಂದೆ. ಗೊತ್ತಿತ್ತು ನನಗೆ.

ಬಿಆರ್‌ಸಿಎ2 ಅನ್ನೋ ಜೀನ್‌ನ ಟೆಸ್ಟ್. ನನ್ನ ರಕ್ತದ ವರದಿ ದೀಪಾವಳಿಗೆ ಮುಂಚೆ ಬಂತು. ಆ ಜೀನ್‌ನಲ್ಲಿ ದೋಷ ಇದೆ, ಅದಿದ್ದರೆ ಸ್ತನದ ಕ್ಯಾನ್ಸರ್ ಬರುವ ಸಾಧ್ಯತೆ ಜಾಸ್ತಿ. ಡಾಕ್ಟರ್ ಹಾಳೆ ಮೇಲೆ ನಮ್ಮ ಮನೆತನ ಬರೆದರು. ಗಂಡಸರಿಗೆ ಚೌಕ, ಹೆಂಗಸರಿಗೆ ದುಂಡು. ಅವ್ವನ ದುಂಡಿಗೆ ಕಪ್ಪು ತುಂಬಿದರು. ನನ್ನ ಚೌಕಕ್ಕೂ ತುಂಬಿದರು. ಕೆಳಗೆ ನನ್ನ ಇಬ್ಬರು ಹೆಣ್ಣುಮಕ್ಕಳು, ಎರಡು ಖಾಲಿ ದುಂಡು. ಒಬ್ಬೊಬ್ಬರಿಗೂ ಆ ದೋಷ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ ಅಂದರು. ಸ್ತನದ ಕ್ಯಾನ್ಸರ್ ಅಂದರೆ ತಾಯಿ ಕಡೆಯಿಂದ ಬರೋದು ಅಂತ ತಿಳಿದಿದ್ದೆ. ಅಪ್ಪನೂ ಕೊಡಬಲ್ಲ.

‘ಗದಗದವರು ಮುಂದಿನ ವಾರ ನೋಡಾಕ ಬರ್ತಾರ. ಅದಾದ ಮ್ಯಾಲ ನೋಡೋಣವಾ.’

‘ಮುಚ್ಚಿಟ್ಟು ಮದುವಿ ಮಾಡ್ತೀಯೇನು?’

ನಾನು ಸುಮ್ಮನಾದೆ. ಅವಳು ಬಿಡಲಿಲ್ಲ.

‘ಆಯಿ ಮುಚ್ಚಿಟ್ಟಿದ್ದು ಸಾಕಾಗಲಿಲ್ಲೇನು ನಮಗ?’

ಅವಳ ಆಯಿ, ಅಂದರೆ ನನ್ನ ಅವ್ವ, ಹೋಗಿದ್ದು 1986ರಲ್ಲಿ, ಕಿಲ್ಲಾ ಓಣಿಯ ಹಳೇ ಮನೆಯಲ್ಲಿ. ಸೆರಗು ಬಿಗಿಯಾಗಿ ಸುತ್ತಿಕೊಂಡೇ ರೊಟ್ಟಿ ಬಡಿಯುತ್ತಿದ್ದಳು. ವಾಸನೆ ಬಂದ ಮೇಲೆ ನಮಗೆ ಗೊತ್ತಾಯಿತು. ಯಾರೂ ರೋಗದ ಹೆಸರು ಹೇಳಲಿಲ್ಲ. ‘ಗಂಟು’ ಅಂದರು, ಅಷ್ಟೇ. ಆಲಮಟ್ಟಿ ಹಿನ್ನೀರಿಗೆ ಆ ಮನೆಯೂ ಹೋಯಿತು. ಅವ್ವನ ಒಂದು ಚೀಟಿ ಕೂಡ ಉಳಿದಿಲ್ಲ.

ನನಗೆ ಮೊದಲ ಸಲ ಡಾಕ್ಟರ್ ಕೇಳಿದ್ದರು, ಮನೆಯಲ್ಲಿ ಯಾರಿಗಾದರೂ ಇತ್ತಾ ಅಂತ. ‘ಗಂಡಸರಿಗೆ ಯಾರಿಗೂ ಇಲ್ರಿ’ ಅಂದೆ. ‘ಹೆಂಗಸರಿಗೆ?’ ಅಂದರು. ಆಗ ಅವ್ವ ನೆನಪಾದಳು. ಅಲ್ಲಿಯವರೆಗೆ ಒಂದು ದಿನವೂ ನನ್ನ ಗಂಟನ್ನು ಅವ್ವನ ಗಂಟಿಗೆ ಜೋಡಿಸಿ ನೋಡಿರಲಿಲ್ಲ.

ನಾನೂ ಮುಚ್ಚಿಟ್ಟವನೇ ಅಲ್ವಾ? ತೊಟ್ಟಿನ ಕೆಳಗೆ ಹುಣಸೆ ಬೀಜದಷ್ಟು ಗಂಟು. ನೋವಿಲ್ಲ. ಸೋಪು ಹಚ್ಚುವಾಗ ಕೈಗೆ ತಾಗುತ್ತಿತ್ತು. ಎಂಟು ತಿಂಗಳು ಯಾರಿಗೂ ಹೇಳಲಿಲ್ಲ. ತೊಟ್ಟು ಒಳಗೆ ಎಳೆದುಕೊಂಡಿದ್ದನ್ನು ಇವಳು ನೋಡಿದ ಮೇಲೆ ಆಸ್ಪತ್ರೆಗೆ ಹೋದೆ. ಸ್ತನ ಕ್ಯಾನ್ಸರ್ ಬಂದ ನೂರು ಜನರಲ್ಲಿ ಗಂಡಸು ಒಬ್ಬ ಇದ್ದರೆ ಹೆಚ್ಚು. ಆ ಒಬ್ಬ ನಾನಾಗುತ್ತೇನೆ ಅಂತ ಹೇಗೆ ಹೊಳೆಯಬೇಕು?

‘ಟೆಸ್ಟಿನ್ಯಾಗ ದೋಷ ಬಂದ್ರ ಏನ್ ಮಾಡ್ತೀ?’ ಅಂತ ಮಗಳನ್ನು ಕೇಳಿದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

‘ವರ್ಷಾ ವರ್ಷಾ ಎಮ್‌ಆರ್‌ಐ ಮಾಡಸ್ತೀನಿ. ನನಗ 26 ಆತು ಅಪ್ಪಾ. 25ರಿಂದನ ಮಾಡಸ್ಬೇಕಂತ.’

ಎಲ್ಲ ಓದಿಕೊಂಡೇ ಬಂದಿದ್ದಾಳೆ. ಎಷ್ಟು ರಾತ್ರಿ ಒಬ್ಬಳೇ ಕೂತು ಓದಿದಳೋ.

ಗದಗದವರಿಗೆ ಮೊದಲೇ ಹೇಳಬೇಕು. ಹೇಳುತ್ತೇನೆ ಅಂದೆ. ಅವಳು ತಲೆಯಾಡಿಸಿ ಚಹಾಕ್ಕೆ ಇಟ್ಟಳು.

ಜಮಖಂಡಿಯ ತಂಗಿಗೆ ಇನ್ನೂ ಹೇಳಿಲ್ಲ. ಅವಳೂ ಅವ್ವನ ಮಗಳೇ. ಆ ಹಾಳೆಯಲ್ಲಿ ನನ್ನ ಪಕ್ಕದ ದುಂಡು ಅವಳದ್ದು, ಕೆಳಗೆ ಅವಳ ಮೂರು ಮಕ್ಕಳು. ಒಂಬತ್ತಕ್ಕೆ ಫೋನ್ ಹಚ್ಚಿದ್ದೆ. ‘ಅಣ್ಣಾ, ಊಟ ಆತಾ?’ ಅಂದಳು. ಆಯಿತು ಅಂದೆ. ಆಮೇಲೆ ಜೋಳದ ಬೆಳೆ, ಮಳೆ, ಅವಳ ಮಂಡಿ ನೋವು…